ಬಾಗಿಲ ಮುಂದೊಂದು ಕೆಮ್ಮು

ನಮ್ಮ ಓನರಮ್ಮ ಯಾವ ಬಾಗಿಲ ಮುಂದೆ ನಿಂತರೂ ಮೊದಲು ಕೆಮ್ಮುತ್ತಿದ್ದರು. ಬೆಲ್ ಇತ್ತು, ಚಿಲಕ ಇತ್ತು, ತಟ್ಟಲು ಕೈ ಇತ್ತು. ಅವರು ಯಾವುದನ್ನೂ ಬಳಸುತ್ತಿರಲಿಲ್ಲ. ಮೊದಲು ಗಂಟಲಲ್ಲೇ ಒಂದು ಸಣ್ಣ ಕೆಮ್ಮು, ಆಮೇಲೆ ಒಂದು ದೊಡ್ಡದು, ಆಮೇಲೆ "ಟೀಚರಮ್ಮಾ" ಎಂಬ ಕೂಗು. ಹುಣಸಮಾರನಹಳ್ಳಿಯ ಅವರ ಮನೆಯ ಮಹಡಿಗೆ ನಾನು ಬಾಡಿಗೆಗೆ ಬಂದ ಹೊಸತರಲ್ಲಿ, ಪಾಪ ಆಸ್ತಮಾ ಇರಬೇಕು ಅಂದುಕೊಂಡು, ಹೆಬ್ಬಾಳದ ಕಡೆ ಒಳ್ಳೆಯ ಡಾಕ್ಟರಿದ್ದಾರೆ ಎಂದು ಹೇಳಿಯೂ ಬಿಟ್ಟಿದ್ದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಂಗೇನಾಗೈತೆ? ಗುಂಡ್ಕಲ್ ಇದ್ದಂಗಿವ್ನಿ" ಎಂದರು.

ಹೋದ ವರ್ಷ ಅವರು ತೀರಿಕೊಂಡರು. ನಾನು ಅವರಿಗೆ ಬಂಧುವಲ್ಲ. ಸ್ನೇಹಿತೆ ಎಂದುಕೊಂಡರೆ ಅವರೇ ನಗುತ್ತಿದ್ದರು. ಕೆಲವು ವರ್ಷ ಅವರ ಮನೆಯ ನೀರು ಕುಡಿದೆ, ಅಷ್ಟೇ. ಆ ನೀರಿಗೂ ಅವರದೇ ಕಾನೂನು ಇತ್ತು.

ಹೊಸ ವಿಮಾನ ನಿಲ್ದಾಣ ಶುರುವಾಗಿ, ರಸ್ತೆ ಅಗಲವಾಗುತ್ತಿದ್ದ ಕಾಲ ಅದು. ಅವರ ಮನೆಯವರು ದ್ರಾಕ್ಷಿ ಬೆಳೆಯುತ್ತಿದ್ದ ಜಾಗದಲ್ಲಿ ಆಗಲೇ ಸಾಲು ಅಂಗಡಿಗಳೆದ್ದಿದ್ದವು. ಒಬ್ಬಂಟಿ ಹೆಂಗಸಿಗೆ ಮನೆ ಬೇಕು ಎಂದಾಗ ಯಲಹಂಕದಲ್ಲಿ ಮೂರ್ನಾಲ್ಕು ಕಡೆ ಮುಖ ಸಿಂಡರಿಸಿದ್ದರು. ಓನರಮ್ಮ ಸಿಂಡರಿಸಲಿಲ್ಲ. "ಎಂಗುಸ್ರಾದ್ರೆ ಮೋಟ್ರು ಆಫ್ ಮಾಡ್ತಾರೆ. ಗಂಡುಸ್ರು ಮಾಡಲ್ಲ, ಟ್ಯಾಂಕ್ ತುಂಬಿ ರೋಡ್‌ಗೆಲ್ಲ ಅರೀತದೆ" ಎಂದು ಕೀಲಿ ಕೊಟ್ಟರು. ಅವರ ಸ್ತ್ರೀವಾದ ಅಲ್ಲಿಗೆ ಶುರುವಾಗಿ ಅಲ್ಲಿಗೇ ಮುಗಿಯುತ್ತಿತ್ತು. ಆಮೇಲೆ ನಾನು ಯಾಕೆ ಮದುವೆಯಾಗಿಲ್ಲ, ನನ್ನ ಕಸದ ಬುಟ್ಟಿಯಲ್ಲಿ ಯಾಕೆ ಅಷ್ಟು ಬ್ರೆಡ್ಡಿನ ಕವರು, ಭಾನುವಾರ ಬಂದಿದ್ದ ಗಂಡಸು ಯಾರು (ನನ್ನ ತಮ್ಮ) ಎಂಬುದನ್ನೆಲ್ಲ ಅವರು ತಿಳಿದುಕೊಳ್ಳಲೇಬೇಕಿತ್ತು. ಬಾಯಿ ಜೋರು. ಮೂಗು ಅದಕ್ಕಿಂತ ಉದ್ದ. ಉಡುತ್ತಿದ್ದದ್ದೆಲ್ಲ ನೀಲಿ: ನವಿಲು ನೀಲಿ, ಇಂಕಿನ ನೀಲಿ, ಕೊನೆಗೆ ಬಸ್ಸಿಗೆ ಬಳಿಯುವ ನೀಲಿಯೂ ಆದೀತು. ನೀಲಿ ಉಟ್ಟರೆ ತಾನು ಬೆಳ್ಳಗೆ ಕಾಣುತ್ತೇನೆ ಎಂದು ಯಾರೋ ಯಾವಾಗಲೋ ಹೇಳಿದ್ದರಂತೆ. ಹಾಗೆ ಹೇಳಿದವರು ಯಜಮಾನರಂತೂ ಆಗಿರಲಿಕ್ಕಿಲ್ಲ. ಯಜಮಾನರು ಮಾತಿನಲ್ಲಿ ಬಲು ಜಿಪುಣರು. "ಮೊಸ್ರಿಗೆ ಎಪ್ಪಾಕಿದ್ಯಾ?" ಎಂಬುದೊಂದು ಬಿಟ್ಟರೆ ಅವರ ಬಾಯಿಂದ ನಾನು ಪೂರ್ತಿ ವಾಕ್ಯ ಕೇಳಿದ್ದೇ ಕಡಿಮೆ.

ನಲ್ಲಿಯ ವಾಷರ್ ನೋಡಲು ಮೇಲೆ ಬಂದಿದ್ದಾಗ ಒಂದು ದಿನ ಓನರಮ್ಮ ತಾವಾಗಿಯೇ ಹೇಳಿದರು: "ನಾನು ಎರಡ್ನೇ ಸಂಬಂಧ ಕಣಮ್ಮ." ಮೊದಲ ಹೆಂಡತಿ ಕಾಮಾಲೆಯಿಂದ ತೀರಿಕೊಂಡಾಗ ಮಗಳು ಪ್ರೈಮರಿ ಶಾಲೆಯಲ್ಲಿದ್ದಳು. ಆಮೇಲೆ ಇವರು ಬಂದರು. ಇವರಿಗೆ ಮಕ್ಕಳಾಗಲಿಲ್ಲ. "ಡಾಕ್ಟ್ರೂ ಆಯ್ತು, ದೇವ್ರೂ ಆಯ್ತು. ಇಬ್ರೂ ಕೈ ಎತ್ಬುಟ್ರು" ಎಂದು ನಲ್ಲಿಯನ್ನು ತಿರುಗಿಸಿ ನೋಡಿ, "ಇದು ವಾಷರ್ರೇ" ಎಂದರು.

ಮಗಳು ಇವರನ್ನು ಚಿಕ್ಕಮ್ಮ ಅನ್ನುತ್ತಿದ್ದಳು. ಕಾಮರ್ಸ್ ಓದಿ ಹೆಬ್ಬಾಳದಲ್ಲೊಂದು ಆಡಿಟರ್ ಆಫೀಸಿಗೆ ಹೋಗುತ್ತಿದ್ದ ಹುಡುಗಿ. ಮಿತ ಮಾತು, ಅಪ್ಪನದೇ ಅಚ್ಚು. ಜಗಳವಿಲ್ಲ, ಎದುರುತ್ತರವಿಲ್ಲ. ಊಟಕ್ಕೆ ಕರೆದರೆ "ಬಂದೆ ಚಿಕ್ಕಮ್ಮ", ಬಡಿಸಿದರೆ "ಸಾಕು ಚಿಕ್ಕಮ್ಮ". ಬಾಡಿಗೆದಾರಳಾದ ನನಗೆ ಎಷ್ಟು ಮರ್ಯಾದೆ ಕೊಡುತ್ತಿದ್ದಳೋ ಅವರಿಗೂ ಅಷ್ಟೇ ಕೊಡುತ್ತಿದ್ದಳು. ಓನರಮ್ಮನಿಗೆ ಅದೇ ಸಂಕಟ. "ಒಂದಿನ ನನ್ನ ಬೈದಿಲ್ಲ ಕಣಮ್ಮ ಅವ್ಳು" ಎಂದು ಅವರು ಹೇಳಿದಾಗ ಅದು ಹೊಗಳಿಕೆ ಎಂದೇ ನಾನು ತಿಳಿದಿದ್ದೆ.

ಕೆಮ್ಮಿನ ಗುಟ್ಟು ನನಗೆ ತಿಳಿದದ್ದು ನಾನು ಬಂದ ವರ್ಷದ ಪಕ್ಷದ ಹಬ್ಬದಲ್ಲಿ. ಮಹಾಲಯ ಅಮಾವಾಸ್ಯೆಯ ಆಸುಪಾಸಿನಲ್ಲಿ ಆ ಕಡೆಯ ಮನೆಗಳಲ್ಲಿ ಸತ್ತ ಹಿರಿಯರಿಗೆ ಎಡೆ ಇಡುತ್ತಾರೆ. ಅವರು ಬದುಕಿದ್ದಾಗ ಏನು ಇಷ್ಟಪಡುತ್ತಿದ್ದರೋ ಅದನ್ನೆಲ್ಲ ಎಲೆಗೆ ಬಡಿಸಿ, ಹೊಸ ಬಟ್ಟೆ ಇಟ್ಟು, ಧೂಪ ಹಾಕಿ, ಕೋಣೆಯ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬಂದು ನಿಲ್ಲುತ್ತಾರೆ. ಹಿರಿಯರು ಬಂದು ಉಣ್ಣುವುದನ್ನು ಬದುಕಿರುವವರು ನೋಡಬಾರದು. ಸ್ವಲ್ಪ ಹೊತ್ತು ಬಿಟ್ಟು, ಕೆಮ್ಮಿ ಸದ್ದು ಮಾಡಿ, ಬಾಗಿಲು ತೆಗೆಯಬೇಕು. "ಒಳಗಿರೋರ್ಗೆ ಗೊತ್ತಾಗ್ಬೇಕಲ್ಲಮ್ಮ? ಬಾಯಲ್ಲಿ ತುತ್ತಿರ್ತದೆ" ಎಂದು ವಿವರಿಸಿದರು. ಸತ್ತವರಿಗೆ ಕೊಡುತ್ತಿದ್ದ ಈ ಮರ್ಯಾದೆಯನ್ನೇ ಅವರು ಮಹಡಿಯಲ್ಲಿ ಬ್ರೆಡ್ ತಿನ್ನುತ್ತಿದ್ದ ನನಗೂ ಕೊಡುತ್ತಿದ್ದರು.

ಆ ದಿನ ಕೋಣೆಯಲ್ಲಿ ಮಾವನ ಎಲೆಯ ಪಕ್ಕ ಬೀಡಿ ಕಟ್ಟು, ಒಂದು ಕ್ವಾರ್ಟರ್ ಬಾಟಲಿ. ಅತ್ತೆಯ ಎಲೆಗೆ ಹೊಗೆಸೊಪ್ಪಿನ ಕಡ್ಡಿಪುಡಿ. ಮೊದಲ ಹೆಂಡತಿಯ ಫೋಟೋ ಮುಂದಿನ ಎಲೆಗೆ ಮುದ್ದೆ, ಕೋಳಿ ಸಾರು, ವಡೆ, ಕಜ್ಜಾಯ. ಪಕ್ಕದಲ್ಲಿ ಅರಿಶಿನ, ಕುಂಕುಮ, ಬಳೆ, ಒಂದು ಹೊಸ ನೀಲಿ ರೇಷ್ಮೆ ಸೀರೆ. ಬಾಗಿಲು ಮುಚ್ಚಿ ನಾವೆಲ್ಲ ಜಗಲಿಯಲ್ಲಿ ನಿಂತೆವು. ಮೇಲೆ ಒಂದು ವಿಮಾನ ಹೋಯಿತು. ಓನರಮ್ಮ ಕೆಮ್ಮಿದರು. ಬಾಗಿಲಿಗೆ ಬಾಯಿಟ್ಟು, "ಅಕ್ಕಾ, ಆಯ್ತಾ ಊಟ? ಬಾಗ್ಲು ತೆಗೀತೀವಿ ಕಣಕ್ಕ" ಎಂದರು. ಎಂದೂ ನೋಡಿರದ ಹೆಂಗಸನ್ನು ಪಕ್ಕದ ಮನೆಯವರನ್ನು ಕರೆಯುವ ಹಾಗೆ ಕರೆದರು.

ಸೀರೆಯನ್ನು ಆಮೇಲೆ ಯಾರು ಉಡುತ್ತಾರೆ ಎಂದು ಕೇಳಿದೆ. "ಇನ್ಯಾರು, ನಾನೇ. ಅಕ್ಕ ಉಟ್ಟು ಬಿಟ್ಟಿದ್ದು. ನಾನು ಉಟ್ಕೊಂಡ್ರೇನೇ ಅವ್ಳಿಗೆ ಸಮಾಧಾನ." ಹಾಗೆಂದು ಸೀರೆಯ ಸೆರಗನ್ನು ಬೆಳಕಿಗೆ ಹಿಡಿದು ಜರಿ ನೋಡಿದರು. ನನಗೆ ನಗು ಬಂತು. ಅಕ್ಕನ ಹೆಸರಿನಲ್ಲಿ ತಂಗಿಗೆ ವರ್ಷಕ್ಕೊಂದು ರೇಷ್ಮೆ! ಆಗ ಅವರು ಸೀರೆ ಮಡಿಸುತ್ತಾ, "ಅಕ್ಕಂಗೇನೋ ನಾನಿವ್ನಿ, ಇಡ್ತೀನಿ. ನಾನ್ ಸತ್ರೆ ನಂಗ್ಯಾರು ಇಡ್ತಾರೆ?" ಎಂದರು. ಒಳಗಡೆ ಮಗಳು ಎಲೆ ಎತ್ತುತ್ತಿದ್ದಳು. ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. "ಅಂಕಲ್ ಇದ್ದಾರಲ್ಲ" ಎಂದೆ. "ಅವ್ರಿಗೆ ಒಂದ್ಲೋಟ ಕಾಫಿ ಕಾಸ್ಕಳಕ್ ಬರಲ್ಲ. ಅವ್ಳು ಅವ್ರಮ್ಮಂಗೆ ಇಡ್ತಾಳೆ, ಇಡ್ಬೇಕು. ನಂಗ್ಯಾಕ್ ಇಡ್ತಾಳೆ?"

ಇನ್ನು ಒಂದು ಕಾದಂಬರಿಯ ವಿಷಯ. ಅದರ ಹೆಸರು ಹೇಳುವುದಿಲ್ಲ. ಹೇಳಿದರೆ ಅದನ್ನು ಪ್ರೀತಿಸುವವರು ಒಂದು ಕಡೆಯಿಂದ, ದ್ವೇಷಿಸುವವರು ಇನ್ನೊಂದು ಕಡೆಯಿಂದ ನನ್ನ ಮೇಲೆ ಬೀಳುತ್ತಾರೆ. ಹಳೆಯ ಕಾಲದ್ದು, ಬಹಳ ಮುದ್ರಣ ಕಂಡದ್ದು. ಕಾಡಂಚಿನ ದೊಡ್ಡ ಬಂಗಲೆ. ಅಲ್ಲಿಯ ದೊರೆಯ ಕುರುಡಿ ತಾಯಿಗೆ ಪುಸ್ತಕ ಓದಿ ಹೇಳಲು ಬರುವ ಅನಾಥ ಹುಡುಗಿ. ದೊರೆ ಸಿಡುಕ, ಮೌನಿ, ಸದಾ ಕಿಟಕಿಯ ಬಳಿ ನಿಂತವನು. ಪಶ್ಚಿಮದ ಕೋಣೆಗೆ ಬೀಗ. ಸತ್ತ ಮೊದಲ ಹೆಂಡತಿಯ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತುವ ಹಾಗಿಲ್ಲ. ಆದರೆ ಬೀಗ ಹಾಕಿದ ಕೋಣೆಯೊಳಗಿಂದ ವೀಣೆಯ ಒಂದೇ ತಂತಿ ಆಗಾಗ ಮಿಡಿಯುತ್ತದೆ.

ಪಿಯುಸಿಯಲ್ಲಿದ್ದಾಗ ಹಾಸ್ಟೆಲಿನಲ್ಲಿ ನಾನು ಅದನ್ನು ಊಟ ಬಿಟ್ಟು ಓದಿದ್ದೆ. ನನಗೂ ಒಬ್ಬ ದೊರೆ ಸಿಗಬೇಕು, ಅವನು ನನ್ನ ಮೇಲೆ ಸಿಡುಕಬೇಕು, ಆಮೇಲೆ ಶಾಲು ಹೊದಿಸಬೇಕು ಎಂದು ಬಯಸಿದ್ದೆ. ಈಗ ಯಾರೋ ಪ್ರಕಾಶಕರು ಅದನ್ನು ಮರುಮುದ್ರಣ ಮಾಡುತ್ತಾ ಮುನ್ನುಡಿ ಬರೆಯಿರಿ ಎಂದು ಕರಡು ಪ್ರತಿ ಕಳುಹಿಸಿದ್ದರು. ಇಂಗ್ಲಿಷ್ ಪಾಠ ಮಾಡುತ್ತಾ ಕನ್ನಡದಲ್ಲಿ ಬರೆಯುವವಳು ಎಂದು ನನ್ನ ಬಗ್ಗೆ ಅವರಿಗೊಂದು ತಪ್ಪು ಕಲ್ಪನೆ. ಓದತೊಡಗಿದರೆ ಮೈಯೆಲ್ಲ ಉರಿಯಿತು. ಪುಟಕ್ಕೊಂದು ಗುಡುಗು, ಪ್ಯಾರಾಕ್ಕೊಂದು ನಿಟ್ಟುಸಿರು. ತವರಿಗೆ ಹೋಗುತ್ತೇನೆ ಎಂದ ಹೆಂಡತಿಯನ್ನು ಕೋಣೆಗೆ ಹಾಕಿ ಬೀಗ ಜಡಿದವನು, ಅವಳು ಅಲ್ಲೇ ಜ್ವರ ಬಂದು ಸತ್ತ ಮೇಲೆ ಕಿಟಕಿಯ ಬಳಿ ನಿಂತು ನಿಟ್ಟುಸಿರು ಬಿಡುತ್ತಾನೆ. ಇವನನ್ನು ನಾನು ಮೆಚ್ಚಿದ್ದೆನಲ್ಲ, ಥೂ! ಹಾಗೆಂದು ಬೈದುಕೊಳ್ಳುತ್ತಲೇ ಬಸ್ಸಿನಲ್ಲಿ ಓದುತ್ತಿದ್ದವಳು, ವೀಣೆಯ ತಂತಿ ಮಿಡಿಯುವ ಕಡೆ ತೋಳಿನ ರೋಮ ನಿಂತು, ಹೆಬ್ಬಾಳದ ಸ್ಟಾಪು ದಾಟಿ ಮೇಖ್ರಿ ಸರ್ಕಲ್ಲಿಗೆ ಹೋಗಿ ಇಳಿದೆ. ಮೊದಲ ಪೀರಿಯಡ್ ತಪ್ಪಿತು. ಮುನ್ನುಡಿಯಲ್ಲಿ ಏನು ಬರೆಯುವುದು? ಬೈದರೆ ಸುಳ್ಳು, ಹೊಗಳಿದರೂ ಸುಳ್ಳು.

ಅವರೆಕಾಯಿಯ ಕಾಲ ಬಂದಿತ್ತು. ಸಂಜೆ ಬಿಸಿಲಿಗೆ ಓನರಮ್ಮ ಮಹಡಿಯ ಮೆಟ್ಟಿಲ ಮೇಲೆ ಕೂತು, ನೆನೆಸಿದ ಕಾಳನ್ನು ಪಾತ್ರೆಯಿಂದ ತೆಗೆದು ಹಿತುಕುತ್ತಿದ್ದರು. ನಾನು ಕರಡು ಹಿಡಿದುಕೊಂಡು ಗೊಣಗುತ್ತಿದ್ದೆ.

"ಅದೇನು, ಎಕ್ಸಾಮ್ ಪೇಪರ್ರಾ?"

"ಅಲ್ಲ ಆಂಟಿ, ಕಥೆ."

"ಓದು ಮತ್ತೆ. ಕೈಗ್ ಕೆಲ್ಸ ಐತೆ, ಕಿವಿಗಿಲ್ಲ."

ಹೀಗೆ ನಾನು ಆ ಅನಾಥ ಹುಡುಗಿಯ ಕೆಲಸಕ್ಕೆ ಸೇರಿಕೊಂಡೆ. ಅವರೆಕಾಯಿ ಮುಗಿಯುವವರೆಗೂ ದಿನಾ ಸಂಜೆ ಓದಿದೆ. ನಿಧಾನವಾಗಿ ಓದು ಎಂದು ಅವರು ಹೇಳುತ್ತಿರಲಿಲ್ಲ. ಆದರೆ ಪ್ರತಿಯೊಂದಕ್ಕೂ ತಡೆಯುತ್ತಿದ್ದರು.

"ಏನ್ ಮಾಡ್ತವ್ನೆ ಕಿಟ್ಕಿ ತಾವ?"

"ದೂರ ನೋಡ್ತಿದ್ದಾನೆ."

"ಯಾಕೆ, ಬಸ್ ಬರ್ಬೇಕಾ?"

ಮಳೆಯಲ್ಲಿ ಹೊರಗೆ ಹೋದ ಹುಡುಗಿಯನ್ನು ದೊರೆ ಬಾಯಿಗೆ ಬಂದಂತೆ ಬೈದು, ತಕ್ಷಣ ತನ್ನ ಶಾಲು ತೆಗೆದು ಅವಳ ಹೆಗಲಿಗೆ ಹಾಕುತ್ತಾನೆ. ನನ್ನ ಹಾಸ್ಟೆಲ್ ಪ್ರತಿಯಲ್ಲಿ ಆ ಭಾಗಕ್ಕೆ ಕೆಂಪು ಗೆರೆ ಎಳೆದಿದ್ದೆ. ಅದನ್ನು ಓದುವಾಗ ನನ್ನ ದನಿ ಸ್ವಲ್ಪ ಮೆತ್ತಗಾಗಿರಬೇಕು. ಓನರಮ್ಮ ನನ್ನನ್ನೇ ನೋಡಿ ನಕ್ಕರು. "ಕೇಳಕ್ ಚೆನ್ನಾಗೈತೆ. ಕಟ್ಕಂಡ್ ಬಾಳಕ್ಕಲ್ಲ." ಕೆಳಗಿನಿಂದ ಯಜಮಾನರು ಮೊಸರಿನ ಬಗ್ಗೆ ಕೇಳಿದರು. "ನೋಡು, ನಂದೂ ಒಂದು ದೊರೆ" ಎಂದು ಎದ್ದು ಹೋದರು.

ವೀಣೆಯ ತಂತಿ ಮಿಡಿಯುವ ಕಡೆ ಬಂದಾಗ ಮಾತ್ರ ಅವರು ನಗಲಿಲ್ಲ. ಕೈ ಪಾತ್ರೆಯ ನೀರಿನಲ್ಲೇ ನಿಂತಿತು.

"ಅಸಿವು ಕಣಮ್ಮ ಅದಕ್ಕೆ."

"ದೆವ್ವಕ್ಕಾ?"

"ದೆವ್ವ ಅನ್ಬೇಡ. ಆ ಮನೆ ಎಣ್ಮಗ್ಳು. ಸತ್ಮೇಲೆ ಒಂದಗ್ಳು ಅನ್ನ ಇಟ್ಟವ್ರಾ ಅವ್ಳಿಗೆ? ವರ್ಸಕ್ಕೊಂದ್ ಸಲ ಆ ರೂಮ್ ಬಾಗ್ಲು ತೆಗೆದು, ಎಲೆ ಆಕಿ, ಒಂದ್ ಸೀರೆ ಇಟ್ಟಿದ್ರೆ ಆ ಯಮ್ಮ ಯಾಕಿಂಗ್ ಗೋಳಾಡ್ತಿದ್ಲು?"

ನನಗೆ ಸಿಟ್ಟೇ ಬಂತು. ಬದುಕಿದ್ದಾಗ ಬೀಗ ಹಾಕಿ ಕೊಂದವನು, ಸತ್ತ ಮೇಲೆ ಕೋಳಿ ಸಾರು ಬಡಿಸಿದರೆ ಸರಿಹೋಗುತ್ತದೆಯೇ? ಹಾಗೆಂದು ಕೇಳಿಯೂ ಬಿಟ್ಟೆ. "ಅವನ ಪಾಪ ಅಲ್ಲಿಗೆ ಚುಕ್ತಾನಾ ಆಂಟಿ?"

"ಚುಕ್ತಾ ಎಲ್ಲಾಯ್ತದೆ? ಆಗಲ್ಲ ಅಂತಾನೇ ಅಲ್ವಾ ವರ್ಸಾ ವರ್ಸಾ ಇಡೋದು?"

ಇದನ್ನು ನಾನು ಒಪ್ಪಿದೆ ಎಂದಲ್ಲ. ಈಗಲೂ ಪೂರ್ತಿ ಒಪ್ಪುವುದಿಲ್ಲ. ಆ ದೊರೆ ಜೈಲಿಗೆ ಹೋಗಬೇಕಾದವನು. ಆದರೆ ಆ ಕಾದಂಬರಿಯ ಮೇಲೆ ನನಗಿದ್ದ ಸಿಟ್ಟು ಅಲ್ಲಿಯತನಕ ದೊರೆಯ ಸುತ್ತಲೇ ಇತ್ತು, ಮೆಚ್ಚಿಕೆ ಆ ಹುಡುಗಿಯ ಸುತ್ತ. ಒಳಗಿದ್ದವಳ ಕಡೆ ನಾನು ತಿರುಗಿಯೇ ಇರಲಿಲ್ಲ.

ಕೊನೆಯ ಅಧ್ಯಾಯದ ಹಿಂದಿನ ಅಧ್ಯಾಯದಲ್ಲಿ ದೊರೆ ಹುಡುಗಿಯ ಮುಂದೆ ಎಲ್ಲವನ್ನೂ ಒಪ್ಪಿಕೊಂಡು ಅಳುತ್ತಾನೆ. ಅವಳು ಕ್ಷಮಿಸುತ್ತಾಳೆ. ಇಬ್ಬರೂ ಕೆರೆಯ ದಂಡೆಗೆ ಹೋಗುತ್ತಾರೆ. ಅವನು ಪಶ್ಚಿಮದ ಕೋಣೆಯ ಕೀಲಿಯನ್ನು ಕೆರೆಗೆ ಎಸೆಯುತ್ತಾನೆ. ಇನ್ನು ಉಳಿದದ್ದು ಮದುವೆ.

"ತಡಿ ತಡಿ. ಕೀ ಎಸ್ದ್ಬುಟ್ನಾ?"

"ಎಸೆದ."

"ಬೀಗ ತೆಗ್ದ?"

"ಇಲ್ಲ."

"ಅಯ್ಯೋ ನಿನ್ನ! ಆ ಯಮ್ಮ ಒಳಗೇ ಅವ್ಳಲ್ಲೋ!" ಎಂದು ಆ ದೊರೆ ಎದುರಿಗೇ ಇದ್ದಾನೆ ಎಂಬಂತೆ ಕೈ ಕೊಡವಿದರು. ನನ್ನ ಕಾಗದಕ್ಕೆಲ್ಲ ನೀರು ಸಿಡಿಯಿತು. ಮುಂದೆ ಮದುವೆ ಇದೆ, ಓದಲೇ ಎಂದೆ. ಬೇಡ ಎಂದರು. "ಆ ಎಣ್ಣಿಗಾದ್ರೂ ಬುದ್ಧಿ ಬ್ಯಾಡ್ವಾ? ಎರಡ್ನೇದಾಗಿ ಒಯ್ತಿರೋಳು, ಮೊದ್ಲುನೋಳ್ನ ಮಾತಾಡುಸ್ದೆ ಎಂಗ್ ಒಯ್ತಾಳೆ? ಆ ಯಮ್ಮಂಗೆ ಏನಿಷ್ಟ, ಏನು ತಿಂತಿದ್ಲು, ಏನುಟ್ಕಂತಿದ್ಲು, ಒಂದಾದ್ರೂ ಕೇಳಿದ್ಲಾ?" ಎಂದು ಜೋರಾಗಿ ಶುರು ಮಾಡಿದವರು, ಮಾತಿನ ಮಧ್ಯೆ ನಿಂತರು. ಪಾತ್ರೆ ಎತ್ತಿಕೊಂಡು ಕೆಳಗಿಳಿದು ಹೋದರು. ಮದುವೆಯ ಅಧ್ಯಾಯವನ್ನು ಅವರಿಗೆ ನಾನು ಓದಲೇ ಇಲ್ಲ.

ಮುನ್ನುಡಿ ಬರೆದೆ. ಈ ನಾಯಕ ಜೈಲಿನಲ್ಲಿರಬೇಕು, ಈ ಪುಸ್ತಕ ನಿಮ್ಮ ಕೈಯಲ್ಲಿರಬೇಕು ಎಂದು ಶುರು ಮಾಡಿ, ಕೋಣೆಯ ಒಳಗಿದ್ದವಳ ಬಗ್ಗೆ ಎರಡು ಪುಟ ಬರೆದು ಮುಗಿಸಿದೆ. ಪುಸ್ತಕ ಬಂದಾಗ ಅವರಿಗೊಂದು ಪ್ರತಿ ಕೊಟ್ಟೆ. "ನನ್ನೆಸ್ರು ಆಕಿದ್ಯಾ?" ಎಂದು ಕೇಳಿದರು. ಇಲ್ಲ ಎಂದೆ. "ಒಳ್ಳೇದಾಯ್ತು. ನೆಂಟ್ರಿಷ್ಟ್ರು ನೋಡಿದ್ರೆ ಈ ಯಮ್ಮಂಗ್ ಮಾಡಕ್ ಕೆಲ್ಸಿಲ್ವಾ ಅಂತಾರೆ" ಎಂದರು. ಅದಕ್ಕೇ ಇಲ್ಲಿಯೂ ಹಾಕಿಲ್ಲ. ಆಮೇಲೆ ಮಧ್ಯಾಹ್ನದ ಹೊತ್ತು ಅವರು ಆ ಪುಸ್ತಕವನ್ನು ಮೊದಲಿನಿಂದ ತಾವೇ ಓದತೊಡಗಿದ್ದು ಕಂಡೆ. ಎಸ್ಸೆಸ್ಸೆಲ್ಸಿವರೆಗೆ ಓದಿದವರು, ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ ಓದುತ್ತಿದ್ದರು. ಅಷ್ಟು ಬೈದವರು ಮತ್ತೆ ಯಾಕೆ ಓದುತ್ತೀರಿ ಎಂದರೆ, "ನೀನ್ಯಾಕ್ ಓದ್ದೆ?" ಎಂದರು. ಕೊನೆಯ ಅಧ್ಯಾಯ ಬಂದಾಗ ಮತ್ತೆ ಅಲ್ಲೇ ನಿಲ್ಲಿಸಿ, ಗುರುತಿಗೆ ಹಾಲಿನ ಪ್ಯಾಕೆಟ್ಟಿನ ಒಂದು ತುಂಡು ಇಟ್ಟು, ಪುಸ್ತಕವನ್ನು ಫ್ರಿಜ್ಜಿನ ಮೇಲೆ ಇಟ್ಟರು.

ಅಷ್ಟರಲ್ಲಿ ಮಗಳು ಮದುವೆಯಾಗಿ ವಿದ್ಯಾರಣ್ಯಪುರಕ್ಕೆ ಹೋಗಿದ್ದಳು. ಮುಂದಿನ ಪಕ್ಷಕ್ಕೆ ಮುಂಚಿನ ಭಾನುವಾರ ಬಂದಿದ್ದಳು. ನಾನೂ ಯಾವುದೋ ಪಾತ್ರೆ ಹಿಂದಿರುಗಿಸಲು ಅಡುಗೆಮನೆಗೆ ಹೋಗಿದ್ದೆ. ಓನರಮ್ಮ ಈರುಳ್ಳಿ ಹೆಚ್ಚುತ್ತಾ, ಯಾರ ಮುಖವನ್ನೂ ನೋಡದೆ, "ನಿಮ್ಮಮ್ಮಂಗೆ ಯಾವ್ ಬಣ್ಣ ಇಷ್ಟ ಇತ್ತು?" ಎಂದು ಕೇಳಿದರು.

ಮಗಳು ಮೊಬೈಲಿನಿಂದ ತಲೆ ಎತ್ತಲಿಲ್ಲ. "ಗಿಣಿ ಹಸಿರು."

"ನೀಲಿ?"

"ನೀಲಿ ಅಮ್ಮ ಉಡ್ತಾನೇ ಇರ್ಲಿಲ್ಲ ಚಿಕ್ಕಮ್ಮ. ಕಪ್ಪಗೆ ಕಾಣ್ತೀನಿ ಅಂತಿದ್ಲು."

ಈಳಿಗೆಮಣೆಯ ಸದ್ದು ನಿಂತಿತು. "ಇಷ್ಟ್ ವರ್ಸ ನಾನ್ ನೀಲಿ ಇಡ್ತಿದ್ದಾಗ ಬಾಯಲ್ಲೇನ್ ಕಡುಬು ತುರುಕ್ಕಂಡಿದ್ದಾ?"

"ನೀವು ಕೇಳ್ಲಿಲ್ಲ."

ಹುಡುಗಿ ಅದನ್ನು ಜಗಳಕ್ಕೆ ಹೇಳಲಿಲ್ಲ. ಸುಮ್ಮನೆ, ಸಮಯ ಹೇಳುವ ಹಾಗೆ ಹೇಳಿದಳು. ಓನರಮ್ಮನ ಮುಖ ನೋಡಲಾಗದೆ ನಾನು ಪಾತ್ರೆ ಇಟ್ಟು ಮೇಲೆ ಬಂದೆ. ಈ ಹೆಂಗಸು ಮನೆಗೆ ಬಂದಾಗಿನಿಂದ ಅಕ್ಕ ಅಕ್ಕ ಎಂದು ಸತ್ತವಳನ್ನು ಕರೆಯುತ್ತಾ, ಅವಳಿಗೆ ಒಂದು ಸಲವೂ ಅವಳಿಷ್ಟದ ಸೀರೆ ಇಟ್ಟಿರಲಿಲ್ಲ. ಮಗಳು ಬಾಲ್ಯದಿಂದ ಅದನ್ನು ನೋಡಿಕೊಂಡು ಸುಮ್ಮನಿದ್ದಳು. ನನಗೆ ಇಬ್ಬರ ಬಗ್ಗೆಯೂ ಅಯ್ಯೋ ಅನ್ನಿಸಿತು.

ಮಾರನೆಯ ದಿನ ಓನರಮ್ಮ ನನ್ನನ್ನು ಯಲಹಂಕದ ಸೀರೆ ಅಂಗಡಿಗೆ ಎಳೆದುಕೊಂಡು ಹೋದರು. ಕೈ ಅಭ್ಯಾಸಬಲದಿಂದ ನೀಲಿಗೇ ಹೋಯಿತು. ಒಂದು ಚಿಂತಾಮಣಿ ನೀಲಿಯನ್ನು ಎತ್ತಿ, ಸವರಿ, ಮತ್ತೆ ಕೆಳಗಿಟ್ಟು, ಕಣ್ಣು ಕುಕ್ಕುವ ಗಿಣಿ ಹಸಿರಿನ ಸೀರೆ ತೆಗೆಸಿದರು. ಆ ಸಲ ಬಾಗಿಲ ಮುಂದೆ ಕೆಮ್ಮಿ, ಅವರು ಹೇಳಿದ್ದು ಇಷ್ಟೇ: "ಅಕ್ಕಾ, ಕೇಳ್ಬೇಕಿತ್ತು ಕಣಕ್ಕ." ದೀಪಾವಳಿಗೆ ಅದನ್ನೇ ಉಟ್ಟುಕೊಂಡು ಮೇಲೆ ಬಂದರು. "ಎಂಗ್ ಕಾಣ್ತೀನಿ? ಗಿಣಿ ಕಂಡಂಗ್ ಕಾಣ್ತೀನಲ್ಲ? ಅಕ್ಕ ಬಿದ್ ಬಿದ್ ನಗ್ತಾ ಇರ್ಬೇಕು." ನಿಜಕ್ಕೂ ಆ ಬಣ್ಣ ಅವರಿಗೆ ಒಪ್ಪುತ್ತಿರಲಿಲ್ಲ. ಅಲ್ಲಿಂದಾಚೆ ಪ್ರತಿ ಪಕ್ಷಕ್ಕೂ ಹಸಿರೇ, ಪ್ರತಿ ದೀಪಾವಳಿಗೂ ಗಿಣಿಯ ವೇಷವೇ.

ಒಂದು ಸಂಜೆ ಒಣಗಿದ ಬಟ್ಟೆ ಎತ್ತುತ್ತಾ ಇದ್ದಕ್ಕಿದ್ದಂತೆ ಕೇಳಿದರು: "ನಂಗೆ ನೀಲಿ ಅಂತ ಅವ್ಳಿಗ್ ಗೊತ್ತಿರ್ತದಾ?"

"ಬೀರು ತೆಗೆದ್ರೆ ಗೊತ್ತಾಗುತ್ತೆ ಆಂಟಿ."

"ತೆಗ್ಯೋರ್ಯಾರು?"

ನಾನು ಹೇಳುತ್ತೇನೆ ಬಿಡಿ ಎಂದೆ. ಅವರಿಗೆ ರೇಗಿತು. "ನೀ ಯೋಳಗೀಳ್ಬೇಡ. ಯೋಳಿ ಇಡುಸ್ಕಳದು ಎಡೆ ಅಲ್ಲ, ಭಿಕ್ಷೆ."

ಕಾಲೇಜಿನ ಕೆಲಸ ಬದಲಾಗಿ ನಾನು ಯಲಹಂಕಕ್ಕೆ ಮನೆ ಬದಲಾಯಿಸಿದೆ. ಹೊರಡುವ ದಿನ ಅವರು ಅತ್ತದ್ದೇನೂ ಇಲ್ಲ. ಗೋಡೆಗೆ ಹೊಡೆದ ಮೊಳೆಗಳನ್ನು ನೋಡಿ ಮುಖ ಸೊಟ್ಟಗೆ ಮಾಡಿದರು. ಆಗಾಗ ಫೋನು ಮಾಡುತ್ತಿದ್ದರು. ಅದರಲ್ಲೂ ಮೊದಲು ಒಂದು ಕೆಮ್ಮು. ಹೋದ ವರ್ಷ ಬೇಸಿಗೆಯಲ್ಲಿ ಫೋನು ಬಂದಾಗ ಕೆಮ್ಮು ಇರಲಿಲ್ಲ. ಮಗಳು ಮಾತಾಡಿದಳು. ಬೆಳಿಗ್ಗೆ ಎದೆನೋವು ಎಂದರಂತೆ, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಗುಂಡುಕಲ್ಲಿನ ಹಾಗಿದ್ದವರು. ಹೋಗಿ ನೋಡಿಕೊಂಡು ಬಂದೆ. ನೀಲಿ ಸೀರೆಯ ವಿಷಯ ನಾಲಿಗೆ ತುದಿಯವರೆಗೆ ಬಂತು. ಅವರ ರೇಗಿದ ಮುಖ ನೆನಪಾಗಿ ಬಾಯಿ ಮುಚ್ಚಿಕೊಂಡೆ.

ಪಕ್ಷಕ್ಕೆ ಮಗಳೇ ಕರೆದಳು. ಹೋದೆ. ಅವಳು ಹಿಂದಿನ ದಿನವೇ ಬಂದು ಅಡುಗೆಗೆ ನಿಂತಿದ್ದಳು. ಯಜಮಾನರ ಅಕ್ಕ, ವಯಸ್ಸಾದವರು, ಕೋಣೆಯ ಹೊಸಿಲಲ್ಲಿ ಕೂತು ಎಲ್ಲದಕ್ಕೂ ಅಪ್ಪಣೆ ಕೊಡುತ್ತಿದ್ದರು. ಮೊದಲ ಹೆಂಡತಿಯ ಫೋಟೋ ಪಕ್ಕ ಈಗ ಓನರಮ್ಮನದೂ ಇತ್ತು. ಹುಡುಗಿ ಅವುಗಳ ಮುಂದೆ ಒಂದೊಂದು ಎಲೆ ಹಾಕತೊಡಗಿದಾಗ ಆಕೆ ತಡೆದರು. "ಎರಡೆಲೆ ಯಾಕೆ? ಒಂದೇ ಎಲೇಲಿ ಇಬ್ರಿಗೂ ಇಡು. ಇವ್ಳೇನ್ ಮಕ್ಳೆತ್ತೋಳಾ?"

ಹುಡುಗಿ ಎಲೆಯನ್ನು ನೀರು ಹಾಕಿ ಒರೆಸುತ್ತಲೇ ಇದ್ದಳು. "ಒಂದೇ ಎಲೇಲಿ ಇಟ್ರೆ ಜಗಳ ಆಡ್ತಾರೆ ಅತ್ತೆ. ಅಮ್ಮಂಗೆ ಉಪ್ಪು ಕಮ್ಮಿ, ಚಿಕ್ಕಮ್ಮಂಗೆ ಜಾಸ್ತಿ."

ಅಮ್ಮನ ಎಲೆಯ ಪಕ್ಕ ಗಿಣಿ ಹಸಿರಿನ ಸೀರೆ ಇಟ್ಟಳು. ಆಮೇಲೆ ಚೀಲದಿಂದ ಇನ್ನೊಂದನ್ನು ತೆಗೆದಳು. ನಾನು ಕತ್ತು ಚಾಚಿ ನೋಡಿದೆ. ನೀಲಿ. ಎಂಥ ನೀಲಿ ಎಂದರೆ, ಓನರಮ್ಮ ಇದ್ದಿದ್ದರೆ ಅಂಗಡಿಯವನ ಕೈಯಿಂದ ಕಿತ್ತುಕೊಳ್ಳುತ್ತಿದ್ದರು. ನನ್ನ ಮುಖ ನೋಡಿ ಹುಡುಗಿ, "ಅವ್ರ ಬೀರು ತೆಗ್ದೆ ಮಿಸ್. ಒಂದು ಕಡೆ ಪೂರ್ತಿ ನೀಲಿ, ಇನ್ನೊಂದು ಕಡೆ ನಮ್ಮಮ್ಮನ ಹಸಿರು. ಇಷ್ಟ ಇಲ್ದಿದ್ರೂ ಎಲ್ಲಾ ಉಟ್ಟು ಉಟ್ಟು ಸವ್ಸಿದಾರೆ" ಎಂದಳು. ಅದನ್ನು ಚಿಕ್ಕಮ್ಮನ ಎಲೆಯ ಪಕ್ಕ ಇಟ್ಟಳು. ಅಷ್ಟರಲ್ಲಿ ಯಜಮಾನರು ಒಂದು ಬಟ್ಟಲು ಮೊಸರು ತಂದು ಎರಡನೇ ಎಲೆಯ ತುದಿಗಿಟ್ಟು, "ನಾನೇ ಎಪ್ಪಾಕಿದ್ದು" ಎಂದು ಯಾರಿಗೋ ಹೇಳಿ ಹೊರಗೆ ಹೋದರು.

ಹುಡುಗಿ ಕೊನೆಗೆ ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಮೇಲಿದ್ದ ಪುಸ್ತಕ ತಂದು ನೀಲಿ ಸೀರೆಯ ಪಕ್ಕ ಇಟ್ಟಳು. ಹಾಲಿನ ಪ್ಯಾಕೆಟ್ಟಿನ ತುಂಡು ಇನ್ನೂ ಹಾಗೇ ಇಣುಕುತ್ತಿತ್ತು. ಧೂಪ ಹಾಕಿ, ಬಾಗಿಲು ಮುಚ್ಚಿ, ಜಗಲಿಗೆ ಬಂದೆವು. ಹೆದ್ದಾರಿಯಲ್ಲಿ ಲಾರಿಗಳು ಹೋಗುತ್ತಿದ್ದವು. ಒಳಗೆ ಇಬ್ಬರೂ ಮುಖಾಮುಖಿ ಕೂತು ಉಣ್ಣುತ್ತಿರಬಹುದೆಂದು, ಇದನ್ನೆಲ್ಲ ನಂಬದ ನಾನೂ ಒಂದು ಗಳಿಗೆ ಅಂದುಕೊಂಡೆ.

ಹುಡುಗಿ ಬಾಗಿಲ ಹತ್ತಿರ ಹೋದಳು. ಗಂಟಲಲ್ಲೇ ಒಂದು ಸಣ್ಣ ಕೆಮ್ಮು, ಆಮೇಲೆ ಒಂದು ದೊಡ್ಡದು.

"ಅಮ್ಮಾ, ಉಂಡ್ಯಾ? ಚಿಕ್ಕಮ್ಮಾ, ನಿಂದೂ ಆಯ್ತಾ? ಬಾಗ್ಲು ತೆಗೀತೀವಿ."

ಒಳಗೆ ಎಲ್ಲವೂ ಇಟ್ಟ ಹಾಗೇ ಇತ್ತು. ಹುಡುಗಿ ನೀಲಿ ಸೀರೆಯನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡಳು. ಸಾರು ಗೀರು ತಾಗೀತೆಂದು ನಾನು ಪುಸ್ತಕದ ಕಡೆ ಕೈ ಚಾಚಿದೆ.

"ಅಲ್ಲೇ ಇರ್ಲಿ ಬಿಡಿ ಮಿಸ್" ಎಂದಳು. "ಇಷ್ಟೊತ್ತಲ್ಲಿ ಎಷ್ಟು ಓದಕ್ಕಾಗುತ್ತೆ? ಮುಂದಿನ್ ವರ್ಷ ಮತ್ತೆ ಇಡ್ತೀನಿ."